ಉಯಿಲು, ಹುಯಿಲು

ವಿಲ್ ಬರೆಯಲು ಕೂತವನು ಮೊದಲ ಸಾಲಿನಲ್ಲೇ ಸಿಕ್ಕಿಕೊಂಡೆ. ‘ನಾನು ಸತ್ತ ಮೇಲೆ’ ಎಂದು ಬರೆದು, ಹೇಗೆ ಕೇಳಿಸುತ್ತದೆ ನೋಡೋಣ ಅಂತ ಜೋರಾಗಿ ಓದಿದೆ. ಒಳಗಿನಿಂದ ಹೆಂಡತಿ, “ಬಿಡ್ತು ಅನ್ರೀ!” ಎಂದಳು. ಬಿಡ್ತು ಅಂದೆ. ಅದನ್ನು ಹೊಡೆದು ಹಾಕಿ ‘ನಾನು ಹೋದ ಮೇಲೆ’ ಎಂದು ಬರೆದೆ. ಮಗ ಮೊಬೈಲಿನಿಂದ ತಲೆ ಎತ್ತದೆ, “ಎಲ್ಲಿಗಪ್ಪಾ? ಎಷ್ಟೊತ್ತಿಗೆ ಬರ್ತೀಯಾ?” ಎಂದ. ಕೊನೆಗೆ ಸ್ವಲ್ಪ ಗಂಭೀರವಾಗಿರಲಿ ಎಂದು ‘ನನ್ನ ಕಾಲಾನಂತರ’ ಎಂದು ತಿದ್ದಿದೆ. ಮಗಳು ಬಗ್ಗಿ ನೋಡಿ, “ಕಾಲಿಗೇನಾಯ್ತಪ್ಪಾ?” ಎಂದಳು.

ಒಂದು ಗಂಟೆ ಕೂತರೂ ಹಾಳೆಯ ಮೇಲೆ ಉಳಿದದ್ದು ನನ್ನ ಹೆಸರು ಮಾತ್ರ.

ಇಂಗ್ಲಿಷಿನ ವಿಲ್ ನಮ್ಮ ಬಾಯಿಗೆ ಬಂದು ಉಯಿಲು ಆಗಿದೆ. ಮುಂದೆ ಒಂದು ‘ಹ’ಕಾರ ಸೇರಿದರೆ ಹುಯಿಲು. ಆ ಒಂದಕ್ಷರದ ಬೆಲೆ ನನಗೆ ಗೊತ್ತಾದದ್ದು ಚಿಕ್ಕಪ್ಪ ತೀರಿಕೊಂಡಾಗ. ಅವರು ವಿಲ್ ಬರೆದಿದ್ದರು. ಅಚ್ಚುಕಟ್ಟು ಮನುಷ್ಯ, ಜೋಪಾನವಾಗಿ ಇಟ್ಟೂ ಇದ್ದರು. ಎಷ್ಟು ಜೋಪಾನ ಅಂದರೆ ಐದು ತಿಂಗಳು ಯಾರಿಗೂ ಸಿಗಲಿಲ್ಲ. ಬೀರು ಹುಡುಕಿದೆವು, ಹಾಸಿಗೆ ಮಗುಚಿದೆವು. ಅಷ್ಟರಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದರು. ಕೊನೆಗೆ ಚಿಕ್ಕಮ್ಮ ಕೆಟ್ಟುಹೋದ ಇಸ್ತ್ರಿಪೆಟ್ಟಿಗೆಯನ್ನು ಗುಜರಿಗೆ ಹಾಕಲು ಹೊರಟಾಗ, ಅದರ ವಾರಂಟಿ ಕಾರ್ಡಿನ ಕವರಿನೊಳಗೆ ಸಿಕ್ಕಿತು. ವಾರಂಟಿ ಮುಗಿದು ಹನ್ನೊಂದು ವರ್ಷವಾಗಿತ್ತು. ವಿಲ್ ಇನ್ನೂ ಚಾಲ್ತಿಯಲ್ಲಿತ್ತು.

ಚಿಕ್ಕಪ್ಪನನ್ನು ಬೈಯುವ ಹಾಗೂ ಇಲ್ಲ. ದೊಡ್ಡವರ ಮನೆಯಲ್ಲೂ ಇದೇ ಕಥೆ. ಅಮೆರಿಕದ ಗಾಯಕಿ ಅರೀತಾ ಫ್ರಾಂಕ್ಲಿನ್ 2018ರಲ್ಲಿ ತೀರಿಕೊಂಡಾಗ ವಿಲ್ಲೇ ಇಲ್ಲ ಎಂದುಕೊಂಡಿದ್ದರು. ಮರುವರ್ಷ ಸೋಫಾದ ದಿಂಬಿನ ಕೆಳಗೆ ಒಂದು ನೋಟ್‌ಬುಕ್ ಸಿಕ್ಕಿತು. ಅದರಲ್ಲಿ 2014ರಲ್ಲಿ ಕೈಯಾರೆ ಬರೆದದ್ದೇ ಆಕೆಯ ವಿಲ್ ಎಂದು ಕೋರ್ಟಿನಲ್ಲಿ ತೀರ್ಮಾನವಾಗಲು 2023 ಬರಬೇಕಾಯಿತು. ಇದನ್ನು ಓದಿದ ದಿನ ನಾನೂ ನಮ್ಮ ಸೋಫಾದ ದಿಂಬು ಎತ್ತಿ ನೋಡಿದೆ. ಎರಡು ಪೆನ್ನು, ಒಂದು ಹೇರ್‌ಪಿನ್ನು, ನಾನು ಮಗನ ಮೇಲೆ ಅನುಮಾನಪಟ್ಟು ಬೈದಿದ್ದ ರಿಮೋಟು ಸಿಕ್ಕವು.

“ಅಬ್ರಹಾಂ ಲಿಂಕನ್ ಸ್ವತಃ ಲಾಯರು. 1865ರಲ್ಲಿ ವಿಲ್ ಬರೆಯದೇ ಹೋದ. ನನಗೇನು ಅವಸರ?” ಅಂತ ಹೆಂಡತಿಗೆ ಹೇಳಿ ನೋಡಿದೆ. “ಲಿಂಕನ್ ಮಾಡಿದ ಬೇರೆ ಯಾವುದನ್ನಾದರೂ ನೀವು ಮಾಡಿದ್ದೀರಾ?” ಎಂದಳು. ಮಾರನೇ ದಿನವೇ ಲಾಯರ್ ಮೇಡಂ ಎದುರು ಕೂತಿದ್ದೆ.

ಮೇಡಂ ಪಟ್ಟಿ ಮಾಡಿಕೊಂಡು ಬನ್ನಿ ಎಂದರು. ಮನೆ, ಠೇವಣಿ, ವಿಮೆ ಎಲ್ಲ ಒಂದೇ ಸಂಜೆಯಲ್ಲಿ ಮುಗಿಯಿತು. ಅವುಗಳ ಬಗ್ಗೆ ಯಾರದೂ ತಕರಾರಿಲ್ಲ, ಮಕ್ಕಳಿಬ್ಬರಿಗೂ ಸಮಪಾಲು. ನಿಂತದ್ದು ಗೋಡೆ ಗಡಿಯಾರದ ಹತ್ತಿರ. ನಮ್ಮಪ್ಪನದು. ದಿನಕ್ಕೆ ಎರಡು ಸಲ ಮಾತ್ರ ಸರಿಯಾದ ಟೈಮ್ ತೋರಿಸುತ್ತದೆ, ಯಾಕಂದರೆ ನಿಂತುಹೋಗಿದೆ. ಮಗನಿಗೆ ಕೊಡ್ತೀನಿ ಅಂದರೆ, “ಅಕ್ಕ ದೊಡ್ಡವಳು, ಅವಳಿಗೇ ಸೇರಬೇಕು” ಎಂದ. ಇಷ್ಟು ವರ್ಷದಲ್ಲಿ ಅವನು ಅಕ್ಕನಿಗೆ ಮರ್ಯಾದೆ ಕೊಟ್ಟದ್ದು ಅದೇ ಮೊದಲು. ಮಗಳು, “ಬೇಡಪ್ಪಾ, ಅವನೇ ನಿಮ್ಮನ್ನ ಜಾಸ್ತಿ ಹಚ್ಕೊಂಡಿರೋದು” ಎಂದಳು. ಆಸ್ತಿಗಾಗಿ ಕಿತ್ತಾಡುವ ಮಕ್ಕಳ ಕಥೆ ಕೇಳಿದ್ದೆ. ಬೇಡ ಅಂತ ಕಿತ್ತಾಡುವುದನ್ನು ನೋಡಿದ್ದು ನಮ್ಮ ಮನೆಯಲ್ಲೇ. ಷೇಕ್ಸ್‌ಪಿಯರ್ 1616ರ ತನ್ನ ವಿಲ್‌ನಲ್ಲಿ ಹೆಂಡತಿಗೆ ಮನೆಯ ಎರಡನೇ ದರ್ಜೆಯ ಮಂಚವನ್ನು ಬಿಟ್ಟುಹೋದ. ಅದೂ ಸಾಲುಗಳ ಮಧ್ಯೆ ಆಮೇಲೆ ತುರುಕಿ ಬರೆಸಿದ್ದು. ನನಗೂ ಧೈರ್ಯ ಬಂತು. ಗಡಿಯಾರವನ್ನು ಹೆಂಡತಿ ಹೆಸರಿಗೆ ಬರೆದೆ. ಅವಳಿಗೆ ಹೇಳಲಿಲ್ಲ.

“ಕೊನೆಗೆ ‘ಉಳಿದದ್ದೆಲ್ಲ ಇಂಥವರಿಗೆ’ ಅಂತ ಒಂದು ಸಾಲು ಹಾಕಿ ಸಾರ್. ಅದಿಲ್ಲದಿದ್ದರೆ ಪಟ್ಟಿಯಲ್ಲಿ ಬಿಟ್ಟುಹೋದದ್ದಕ್ಕೆ ವಿಲ್ಲೇ ಇಲ್ಲದ ಹಾಗೆ” ಎಂದರು ಮೇಡಂ. ಪಾಸ್‌ವರ್ಡುಗಳನ್ನೂ ಸೇರಿಸಿದ್ದೆ. ಅದನ್ನು ನೋಡಿ ಕನ್ನಡಕ ತೆಗೆದರು. ಎಷ್ಟೋ ಕಡೆ ವಿಲ್ ಕೋರ್ಟಿಗೆ ಹೋದ ಮೇಲೆ ಯಾರು ಬೇಕಾದರೂ ಓದಬಹುದಂತೆ. ಪಾಸ್‌ವರ್ಡು ಬೇರೆ ಹಾಳೆಯಲ್ಲಿರಬೇಕಂತೆ. ಅದಿರಲಿ, ನನ್ನ ಎಲ್ಲ ಖಾತೆಗೂ ಒಂದೇ ಪಾಸ್‌ವರ್ಡು ಎಂಬ ಗುಟ್ಟು ಅಲ್ಲಿ ರಟ್ಟಾಯಿತು.

ನಿಜವಾದ ಪಜೀತಿ ಆದದ್ದು ಸಾಕ್ಷಿಗಳ ದಿನ. ಇಬ್ಬರು ಬೇಕು. ಪಾಲು ಸಿಗುವವರು ಸಾಕ್ಷಿ ಹಾಕಬಾರದು. ಪಕ್ಕದ ಮನೆಯವರನ್ನೂ ಅವರ ವಾಕಿಂಗ್ ಗೆಳೆಯರನ್ನೂ ಕರೆದೆ. ಬರುವಷ್ಟರಲ್ಲಿ ಕೆಲಸ ಮುಗಿದಿರಲಿ ಎಂದು ನಾನು ಮೊದಲೇ ಸಹಿ ಹಾಕಿಟ್ಟೆ. ಆಮೇಲೆ ಮೇಡಂಗೆ ಫೋನ್ ಮಾಡಿದರೆ, “ಅಯ್ಯೋ, ನೀವು ಸಹಿ ಹಾಕೋದನ್ನ ಅವರು ನೋಡಿದ್ರೇ ಒಳ್ಳೇದು ಸಾರ್, ಅದಕ್ಕೇ ಅಲ್ವಾ ಸಾಕ್ಷಿ ಅನ್ನೋದು?” ಎಂದರು. ಮತ್ತೆ ಪ್ರಿಂಟು. ಎರಡನೇ ಪುಟಕ್ಕೆ ಇಂಕು ಖಾಲಿ. ಮಗ ಓಡಿಹೋಗಿ ತಂದ.

ಸಾಕ್ಷಿಗಳು ಒಳಗಿನ ವಿಷಯ ಓದಬೇಕಾಗಿಲ್ಲ ಎಂದಿದ್ದರು. ಹಾಗಾಗಿ ಹಾಳೆಯ ಮೇಲೆ ದಿನಪತ್ರಿಕೆ ಹೊದಿಸಿ, ಸಹಿ ಮಾಡುವ ಜಾಗ ಮಾತ್ರ ಕಾಣುವಂತೆ ಇಟ್ಟೆ. ಪಕ್ಕದ ಮನೆಯವರು ಪೆನ್ನು ಹಿಡಿದು, ಪತ್ರಿಕೆಯ ಅಂಚನ್ನು ಕಿರುಬೆರಳಿನಲ್ಲಿ ಮೆಲ್ಲಗೆ ಸರಿಸಿದರು. ನಾನು ಮುಚ್ಚಿದೆ. ಅವರು ಸರಿಸಿದರು.

“ನಮ್ಮ ಹೆಸರೇನಾದ್ರೂ ಇದೆಯಾ ಸ್ವಾಮಿ?”

“ಇದ್ದಿದ್ರೆ ನಿಮ್ಮನ್ನ ಸಾಕ್ಷಿಗೆ ಕರೀತಿರ್ಲಿಲ್ಲ.”

ಬೇಸರದಲ್ಲೇ ಸಹಿ ಹಾಕಿದರು. ಅವರ ಗೆಳೆಯರಿಗೆ ಎಂಬತ್ತೊಂದು. ನನಗಿಂತ ಚಿಕ್ಕವರು ಸಾಕ್ಷಿಯಾದರೆ ಒಳ್ಳೆಯದು, ನಾಳೆ ಹೇಳಿಕೆ ಕೊಡಲು ಅವರು ಇರಬೇಕಲ್ಲ ಎಂದು ಮೇಡಂ ಹೇಳಿದ್ದು ಆಗ ನೆನಪಾಯಿತು. ಅದನ್ನು ಆ ಹಿರಿಯರ ಮುಖಕ್ಕೆ ಹೇಳುವುದು ಹೇಗೆ? ಸುಮ್ನೆ ಸಹಿ ಹಾಕಿಸಿಕೊಂಡು ಕಳಿಸಿದೆ. ಮಾರನೇ ದಿನ ಆಫೀಸಿನ ಇಬ್ಬರು ಹುಡುಗರನ್ನು ಕರೆದು ಎಲ್ಲವನ್ನೂ ಹೊಸದಾಗಿ ಮಾಡಿದೆ. ಹಳೆಯದನ್ನು ಹರಿದು ಹಾಕಿದೆ.

ಸಿಸಿಲ್ ಹ್ಯಾರಿಸ್ ಎಂಬ ಕೆನಡಾದ ರೈತ 1948ರಲ್ಲಿ ತನ್ನದೇ ಟ್ರ್ಯಾಕ್ಟರಿನಡಿ ಸಿಕ್ಕಿಕೊಂಡ. ಜೇಬಿನಲ್ಲಿದ್ದ ಚಾಕುವಿನಿಂದ ಅದರ ಮಡ್‌ಗಾರ್ಡ್ ಮೇಲೆ, ಸತ್ತರೆ ಎಲ್ಲ ಹೆಂಡತಿಗೆ ಎಂದು ಕೆತ್ತಿ ಹೆಸರು ಹಾಕಿದ. ಕೋರ್ಟು ಒಪ್ಪಿತು. ಮುದ್ರೆಯಿಲ್ಲ, ಸಾಕ್ಷಿಯಿಲ್ಲ, ಇಂಕೂ ಇಲ್ಲ. ನಾನು ಫ್ಯಾನಿನಡಿ ಕೂತು ಮೂರು ವಾರ, ಹದಿನಾಲ್ಕು ಹಾಳೆ ಖರ್ಚು ಮಾಡಿದೆ.

ಅಂತೂ ಮುಗಿಯಿತು. ಇಟ್ಟ ಜಾಗವನ್ನು ಮನೆಯ ಮೂರೂ ಜನಕ್ಕೆ ತೋರಿಸಿದೆ. ಇಸ್ತ್ರಿಪೆಟ್ಟಿಗೆಯ ಹತ್ತಿರವೂ ಅಲ್ಲ, ಸೋಫಾದ ಹತ್ತಿರವೂ ಅಲ್ಲ. ಆ ರಾತ್ರಿ ನೋಡಿದರೆ ಹೆಂಡತಿ ಮೇಜಿನ ಮುಂದೆ ಕೂತು ಏನೋ ಬರೆಯುತ್ತಿದ್ದಳು.

“ಏನು?”

“ನಂದೂ ಒಂದಿರಲಿ ಅಂತ. ಕೇಳಿ, ಸರಿಯಾಗಿದೆಯಾ ಹೇಳಿ. ‘ನಾನು ಸತ್ತ ಮೇಲೆ…’”

“ಬಿಡ್ತು ಅನ್ನೇ!” ಎಂದೆ. ನನಗೇ ಗೊತ್ತಿಲ್ಲದೆ ಬಾಯಿಂದ ಬಂದುಬಿಟ್ಟಿತ್ತು.

ಅವಳು ಬಿಡ್ತು ಅಂದಳು. ಆಮೇಲೆ ಮುಂದಿನ ಸಾಲು ಓದಿದಳು. “‘ಆ ಗೋಡೆ ಗಡಿಯಾರ ನಮ್ಮೆಜಮಾನರಿಗೇ ವಾಪಸ್ಸು ಹೋಗತಕ್ಕದ್ದು.’”