ಕತ್ತರಿಸುವುದೊಂದನ್ನು ಬಿಟ್ಟು

ಕೊಟ್ಟ ಚಿತ್ರದಂತೆ ಕಾಗದ ಕತ್ತರಿಸಿಕೊಡುವ ಕಟಿಂಗ್ ಮಷಿನ್‌ನ ವಿಡಿಯೊ ನೋಡಿದ್ದೀರಾ? ಒಂದು ಗುಂಡಿ ಒತ್ತುತ್ತಾರೆ. ಬಣ್ಣದ ಹಾಳೆ ಒಳಗೆ ಹೋಗುತ್ತದೆ, ಹೊರಗೆ ಬರುತ್ತದೆ. ಬೆರಳಿನಿಂದ ಎಬ್ಬಿಸಿದರೆ ಸಣ್ಣ ಸಣ್ಣ ತೂತುಗಳ ನವಿಲುಗರಿ. ಹಿನ್ನೆಲೆಗೆ ಸಂಗೀತ ಬೇರೆ. ಇನ್ನು ಕತ್ತರಿಗೆ ಕೆಲಸವೇ ಇಲ್ಲ ಅನ್ನಿಸುತ್ತದೆ. ಅದು ನಿಜವೂ ಹೌದು. ಕತ್ತರಿಸುವ ಕೆಲಸ ಪೂರ್ತಿ ಮಷಿನ್‌ದೇ. ಆದರೆ ಕಾಗದದ ಕೆಲಸದಲ್ಲಿ ಕತ್ತರಿಸುವುದು ಎಷ್ಟು ಸಣ್ಣ ಪಾಲು ಅನ್ನುವುದು ಗೊತ್ತಾಗುವುದು ಮಷಿನ್ ಮನೆಗೆ ಬಂದ ಮೇಲೆಯೇ.

ಎಷ್ಟೋ ಮಷಿನ್‌ಗಳು ಪೆಟ್ಟಿಗೆಯಿಂದ ಹೊರಗೇ ಬರುವುದಿಲ್ಲ. ಕೊಂಡವರಿಗೆ ಹೆದರಿಕೆ. ಅದು ಸುಮ್ನೆ ಹುಟ್ಟಿದ ಹೆದರಿಕೆಯೂ ಅಲ್ಲ. ನೋಡಲು ಇದು ಪ್ರಿಂಟರ್. ಆದರೆ ಪ್ರಿಂಟರ್ ಕೊಟ್ಟ ಚುಕ್ಕೆಗಳನ್ನೆಲ್ಲ ಇಡುತ್ತಾ ಹೋಗುತ್ತದೆ, ಅಷ್ಟೇ. ಇದಕ್ಕೆ ಚುಕ್ಕೆ ಬೇಡ, ದಾರಿ ಬೇಕು. ಎಲ್ಲಿ ಹೊರಟು, ಎಲ್ಲಿ ತಿರುಗಿ, ಎಲ್ಲಿ ಬಂದು ಸೇರಬೇಕು ಅನ್ನುವ ದಾರಿ. ಅದಕ್ಕೇ ಎಲ್ಲರೂ ಎಸ್‌ವಿಜಿ ಫೈಲ್ ಎಲ್ಲಿ ಸಿಗುತ್ತದೆ ಅಂತ ಹುಡುಕುವುದು. 2001ರಲ್ಲಿ ವೆಬ್‌ನ ಮಾನದಂಡ ರೂಪಿಸುವ ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂ, ವೆಬ್ ಪುಟದ ಚಿತ್ರಗಳಿಗಾಗಿ ಒಪ್ಪಿದ ಮಾದರಿ ಅದು. ಚಿತ್ರವನ್ನು ಗೆರೆಗಳ ಲೆಕ್ಕದಲ್ಲಿ ಬರೆದಿಡುತ್ತದೆ. ಬ್ಲೇಡಿಗೆ ಬೇಕಾದದ್ದೂ ಅದೇ. ಫೋಟೊ ಕೊಟ್ಟರೂ ಸಾಫ್ಟ್‌ವೇರ್ ಅದರಿಂದ ಗೆರೆ ಹಿಡಿಯುತ್ತದೆ, ಆದರೆ ನೆರಳನ್ನೂ ಕಲೆಯನ್ನೂ ಬಿಡುವುದಿಲ್ಲ. ಆಮೇಲೆ ಬ್ಲೇಡ್ ಒಂದೇ ಜಾಗದಲ್ಲಿ ಸುತ್ತಿ ಸುತ್ತಿ ಹಾಳೆಯನ್ನು ಚಿಂದಿ ಮಾಡುತ್ತದೆ.

ಇನ್ನೊಂದು ತಮಾಷೆ ಇದೆ. ನಾವು ಬರೆಯುವ ಗೆರೆಗೆ ದಪ್ಪ ಇರುತ್ತದೆ. ಆ ದಪ್ಪಕ್ಕೆ ಎರಡು ಅಂಚು. ಮಷಿನ್ ಎರಡನ್ನೂ ಕತ್ತರಿಸುತ್ತದೆ. ಪೆನ್ನಿನಲ್ಲಿ ಬರೆದ ಸೊನ್ನೆ ಕೊಟ್ಟರೆ ಒಂದು ಬಿಲ್ಲೆ, ಅದರ ಸುತ್ತ ಮುಟ್ಟಿದರೆ ಹರಿಯುವ ಒಂದು ಬಳೆ ಬರುತ್ತದೆ. ಇದನ್ನೊಮ್ಮೆ ಕಂಡವರು ಆಮೇಲೆ ಯಾವ ಚಿತ್ರ ನೋಡಿದರೂ ಮೊದಲು ಅಂಚು ಹುಡುಕುತ್ತಾರೆ.

ಕನ್ನಡ ಅಕ್ಷರ ಕತ್ತರಿಸುವಾಗಂತೂ ಮಜವೋ ಮಜ. ನಮ್ಮ ಅಕ್ಷರಗಳಲ್ಲಿ ಸುರುಳಿ, ಹೊಟ್ಟೆ, ಚುಕ್ಕೆ, ಒತ್ತು ಎಲ್ಲ ಇವೆ. ‘ಪಾಠ’ ಅಂತ ಕತ್ತರಿಸಿ ಎತ್ತಿದರೆ ನಡುವಿನ ಚುಕ್ಕೆ ಅಲ್ಲೇ ಉಳಿದು ಕೈಗೆ ‘ಪಾರ’ ಬರುತ್ತದೆ. ‘ಕಥೆ’ ಹೋಗಿ ‘ಕಧೆ’ ಆಗುತ್ತದೆ. ‘ಅಮ್ಮ’ನ ಒತ್ತು ಒಂದು ಕಡೆ, ಅಕ್ಷರ ಇನ್ನೊಂದು ಕಡೆ. ಅಕ್ಷರಗಳನ್ನು ಬೇರೆ ಹಾಳೆಗೆ ಅಂಟಿಸುವುದಾದರೆ ಚಿಂತೆ ಇಲ್ಲ. ಬಿಡಿ ಚೂರುಗಳು ಜಾಗ ಬಿಡದಂತೆ ಟ್ರಾನ್ಸ್‌ಫರ್ ಟೇಪ್ ಅನ್ನುವ ಅಂಟು ಹಾಳೆಯಲ್ಲಿ ಒಟ್ಟಿಗೆ ಎತ್ತಬಹುದು. ಹೆಸರು ಒಂದೇ ತುಂಡಾಗಿ ನಿಲ್ಲಬೇಕು ಅಂದರೆ ಮಾತ್ರ ಚೂರುಗಳ ನಡುವೆ ಕಾಗದದ್ದೇ ಸಣ್ಣ ಎಳೆ ಕಟ್ಟಬೇಕು. ಚುಕ್ಕೆಯಿಂದ ಅಕ್ಷರದ ಗೋಡೆಗೊಂದು, ಒತ್ತಿನಿಂದ ಮೇಲಿನ ಅಕ್ಷರಕ್ಕೊಂದು. ಎಲ್ಲಿ ಕಟ್ಟಿದರೆ ಕಣ್ಣಿಗೆ ಬೀಳುವುದಿಲ್ಲ ಅಂತ ಯೋಚಿಸುತ್ತಾ ಕೂತರೆ ಸಂಜೆ ಕಳೆದದ್ದೇ ತಿಳಿಯುವುದಿಲ್ಲ. ಸ್ಟೆನ್ಸಿಲ್, ಅಂದರೆ ಬಣ್ಣ ತಟ್ಟಲು ತೂತಿನ ಹಾಳೆ ಮಾಡುವಾಗ ಲೆಕ್ಕ ತಿರುಗುಮುರುಗು. ಅಲ್ಲಿ ಚುಕ್ಕೆಯ ಬದಲು ಅಕ್ಷರದ ಹೊಟ್ಟೆಯೇ ಉದುರುತ್ತದೆ.

ಕೆಲವು ಸಾಫ್ಟ್‌ವೇರ್‌ಗಳಿಗೆ ನಮ್ಮ ಒತ್ತಕ್ಷರ ಜೀರ್ಣವಾಗುವುದಿಲ್ಲ. ಬಿಡಿಸಿ ಸಾಲಾಗಿ ಇಟ್ಟುಬಿಡುತ್ತವೆ. ಅದಕ್ಕೆ ಉಪಾಯ ಇದೆ. ಉಚಿತವಾಗಿ ಸಿಗುವ ಇಂಕ್‌ಸ್ಕೇಪ್ ಅನ್ನುವ ಚಿತ್ರ ಬರೆಯುವ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿ, ಅಕ್ಷರವನ್ನು ಪಾತ್ (ಗೆರೆಯ ದಾರಿ) ಆಗಿ ಬದಲಿಸಿ, ಒಂದರ ಮೇಲೊಂದು ಕೂತ ಭಾಗಗಳನ್ನು ಯೂನಿಯನ್ ಮಾಡಿ (ಒಂದಾಗಿ ಬೆಸೆದು), ಎಸ್‌ವಿಜಿಯಾಗಿ ಉಳಿಸಿದರೆ ಆಯಿತು. ಯೂನಿಯನ್ ಮಾಡದಿದ್ದರೆ ಕೊಂಬೂ ದೀರ್ಘವೂ ಅಕ್ಷರದ ಮೈ ಸೇರುವ ಕಡೆಯೆಲ್ಲ ಬ್ಲೇಡ್ ಗೀರುತ್ತದೆ. ಮತ್ತೆ, ದಯವಿಟ್ಟು ತೆಳ್ಳನೆ ಫಾಂಟ್ ಬೇಡ. ಪರದೆಯ ಮೇಲೆ ಅದು ಚಂದ, ಕಾಗದದ ಮೇಲೆ ಉಳಿಯುವುದಿಲ್ಲ.

ಬ್ಲೇಡನ್ನು ಒಮ್ಮೆ ಹೊರಗೆ ತೆಗೆದು ನೋಡಿ. ಮಷಿನ್ ಜತೆ ಬರುವ ಮಾಮೂಲಿ ಬ್ಲೇಡಿನ ಮೊನೆ ಸರಿಯಾಗಿ ನಡುವೆ ಇರುವುದಿಲ್ಲ, ತುಸು ಪಕ್ಕಕ್ಕೆ ಇರುತ್ತದೆ. ಅದನ್ನು ತಿರುಗಿಸಲು ಮೋಟಾರೂ ಇಲ್ಲ. ಸೂಟ್‌ಕೇಸಿನ ಚಕ್ರ ಎಳೆದ ಕಡೆಗೆ ತಾನೇ ತಿರುಗಿಕೊಳ್ಳುತ್ತದಲ್ಲ, ಹಾಗೆ ಎಳೆದತ್ತ ತಿರುಗುತ್ತದೆ. ಚೂಪು ಮೂಲೆ ಬಂದಾಗ ಅದಕ್ಕೆ ಕಷ್ಟ ಅಂತ ಇದರಿಂದಲೇ ತಿಳಿಯುತ್ತದೆ. ನಾರು ಸಿಕ್ಕಿಕೊಂಡಿದ್ದರೆ ಮೂಲೆಗಳು ಕಿತ್ತುಬರುತ್ತವೆ. ಅಲ್ಯೂಮಿನಿಯಂ ಫಾಯಿಲ್ ಉಂಡೆಗೆ ಚುಚ್ಚಿ ಚುಚ್ಚಿ ತೆಗೆದರೆ ಬ್ಲೇಡ್ ಹರಿತವಾಗುತ್ತದೆ ಅಂತ ಹೇಳುತ್ತಾರೆ. ಹರಿತ ಆಗುವುದಕ್ಕಿಂತ, ಸಿಕ್ಕ ಚೂರು ಬಿಡುತ್ತದೆ ಅನ್ನುವುದು ನನ್ನ ಅಂದಾಜು. ಕೆಲಸ ಆದರೆ ಸಾಕು, ಅಲ್ವಾ?

ಹಾಳಾದರೂ ಹೋಗಲಿ ಅಂತ ಹೊಸಬರು ಮೊದಲು ತೆಳ್ಳನೆ ಕಾಗದ ತೆಗೆದುಕೊಳ್ಳುತ್ತಾರೆ. ಜಾಸ್ತಿ ಹರಿಯುವುದೇ ಅದು. 200 ಜಿಎಸ್‌ಎಂ (ಚದರ ಮೀಟರಿಗೆ 200 ಗ್ರಾಂ ತೂಗುವ) ಆಸುಪಾಸಿನ ನಯವಾದ ಕಾರ್ಡ್‌ಸ್ಟಾಕ್, ಅಂದರೆ ಗಟ್ಟಿ ಹಾಳೆ, ಕಲಿಯುವವರ ಮಾತು ಕೇಳುತ್ತದೆ. ಮೂಲೆಯಲ್ಲಿ ಪುಟ್ಟ ಚೌಕ ಕತ್ತರಿಸಿ ನೋಡಬೇಕು. ಸಲೀಸಾಗಿ ಎದ್ದು ಬಂದರೆ ಸರಿ. ದಪ್ಪ ಹಾಳೆ ಸರಿಯಾಗಿ ಕತ್ತರಿಸದಿದ್ದರೆ ಒತ್ತಡ ಏರಿಸುವ ಬದಲು ಅದೇ ದಾರಿಯಲ್ಲಿ ಎರಡು ಸಲ ಓಡಿಸುವುದು ವಾಸಿ. ಹಾಳೆಯನ್ನು ಹಿಡಿದುಕೊಂಡು ಮಷಿನ್‌ನೊಳಗೆ ಹೋಗುವ ಅಂಟಿನ ಹಾಸು ಮ್ಯಾಟ್. ಅದು ಹೊರಗೆ ಬರುವ ಮುಂಚೆಯೇ ಹಾಳೆಯ ಒಂದು ತುದಿ ಎತ್ತಿ ನೋಡಿ. ಹೊರಗೆ ಬಂದದ್ದನ್ನು ಮತ್ತೆ ಅದೇ ಜಾಗದಲ್ಲಿ ಕೂರಿಸುವುದು ಹರಸಾಹಸ.

ಇನ್ನು ಮ್ಯಾಟ್. ಹೊಸತಕ್ಕೆ ಅಂಟು ಜಾಸ್ತಿ, ಹಿಡಿದ ಕಾಗದವನ್ನು ಬಿಡುವುದೇ ಇಲ್ಲ. ಹಳೆಯ ಟೀ ಶರ್ಟಿಗೆ ನಾಲ್ಕು ಸಲ ಒತ್ತಿ ತೆಗೆದರೆ ಪಳಗುತ್ತದೆ. ಕತ್ತರಿಸಿದ ಹಾಳೆಯನ್ನು ಮ್ಯಾಟಿನಿಂದ ಕೀಳಬಾರದು, ಸುರುಳಿ ಸುತ್ತಿಕೊಳ್ಳುತ್ತದೆ. ಮ್ಯಾಟನ್ನು ಬೋರಲು ಹಾಕಿ, ಹಾಳೆಯನ್ನು ಮೇಜಿಗೆ ಒತ್ತಿ ಹಿಡಿದು, ಮ್ಯಾಟನ್ನೇ ಬಗ್ಗಿಸುತ್ತಾ ಹಾಳೆಯಿಂದ ಬಿಡಿಸಬೇಕು. ಇಡೀ ಕಸುಬಿನಲ್ಲಿ ನನಗೆ ಅತಿ ಇಷ್ಟವಾದ ಬುದ್ಧಿವಂತಿಕೆ ಇದು.

ಯಾವ ಮಷಿನ್ ತಗೊಳ್ಳಲಿ ಅಂತ ಕೇಳುವವರಿಗೆ ನಾನು ಹೆಸರು ಹೇಳುವುದಿಲ್ಲ. ಸಾಫ್ಟ್‌ವೇರ್ ನೋಡಿ ಅನ್ನುತ್ತೇನೆ. 2021ರಲ್ಲಿ ಇಂಥ ಮಷಿನ್ ಮಾಡುವ ಕ್ರಿಕಟ್ ಕಂಪನಿ, ಚಂದಾ ಕಟ್ಟದವರು ತನ್ನ ಸಾಫ್ಟ್‌ವೇರ್‌ಗೆ ತಿಂಗಳಿಗೆ 20 ಚಿತ್ರ ಮಾತ್ರ ಅಪ್‌ಲೋಡ್ ಮಾಡಬಹುದು ಅಂತ ನಿಯಮ ತರಲು ಹೊರಟಿತ್ತು. ಬಳಕೆದಾರರು ದೊಡ್ಡ ಗಲಾಟೆ ಮಾಡಿದ ಮೇಲೆ ಕೈಬಿಟ್ಟಿತು. ಮಷಿನ್ ನಮ್ಮದಾದರೂ ಅದರ ಬಾಗಿಲ ಕೀಲಿಕೈ ಬೇರೆಯವರ ಹತ್ತಿರ ಇರಬಹುದು. ಕಂಪ್ಯೂಟರ್ ಮುಂದೆ ಕೂರುವುದೇ ಬೇಜಾರು ಅನ್ನುವವರಿಗೆ ಬ್ರದರ್ ಕಂಪನಿಯ ಸ್ಕ್ಯಾನ್‌ಎನ್‌ಕಟ್ ಇದೆ. ಅದರೊಳಗೇ ಸ್ಕ್ಯಾನರ್ ಇರುವುದರಿಂದ ಕೈಯಲ್ಲಿ ಬರೆದ ಚಿತ್ರವನ್ನೇ ನೋಡಿ ಕತ್ತರಿಸುತ್ತದೆ.

ಮೊದಲ ದಿನಕ್ಕೆ ಒಂದು ಎಲೆ ಸಾಕು. ಹೊರಗೆ ಒಂದೇ ಗೆರೆ, ಒಳಗೆ ತೂತಿಲ್ಲ. ಎಲೆ ತೆಗೆದ ಮೇಲೆ ಉಳಿದ ಹಾಳೆಯನ್ನು ಎಸೆಯಬೇಡಿ. ಇನ್ನೊಂದು ಹಾಳೆಯ ಮೇಲಿಟ್ಟು ಸ್ಪಂಜಿನಲ್ಲಿ ಬಣ್ಣ ತಟ್ಟಿದರೆ ಅಲ್ಲೂ ಒಂದು ಎಲೆ ಮೂಡುತ್ತದೆ. ಹೀಗೆ ಎತ್ತಿಟ್ಟ ತೂತಿನ ಹಾಳೆಗಳಿಗೆ ಸ್ವಲ್ಪ ದಿನದಲ್ಲೇ ಬೇರೆ ಡ್ರಾಯರ್ ಬೇಕಾಗುತ್ತದೆ. ಮನೆಯವರಿಗೆ ಮೊದಲೇ ಹೇಳಿಟ್ಟಿರಿ.