ಕುರಿ ಕಾಯುವವನ ಕೈ

ಹಳ್ಳಿ ಬದುಕಿನ ಸುಖವನ್ನು ಬಾಯ್ತುಂಬ ಹೊಗಳುವವರ ಅಂಗೈ ಸಾಮಾನ್ಯವಾಗಿ ಮೆತ್ತಗಿರುತ್ತದೆ. ಯುರೋಪಿನಲ್ಲಿ ಕುರಿಗಾಹಿಗಳ ನಾಟಕ ಬೆಳೆದದ್ದೇ ಅಂಥ ಅಂಗೈಗಳ ಚಪ್ಪಾಳೆಯಲ್ಲಿ. ಇಟಲಿಯ ತಾಸ್ಸೋ ಬರೆದ 'ಅಮಿಂತಾ'ವನ್ನು 1573ರಲ್ಲಿ ಮೊದಲು ಆಡಿದ್ದು ಫೆರಾರಾದ ಅರಮನೆಯವರ ಮುಂದೆ. ಅದರ ಕುರಿಗಾಹಿಗಳು ಪದ್ಯದಲ್ಲಿ ಮಾತಾಡುತ್ತಾರೆ, ವಿರಹದಲ್ಲಿ ಸೊರಗುತ್ತಾರೆ. ಪಾಪ, ಕುರಿಗಳ ಗತಿಯೇನೋ!

ಶೇಕ್ಸ್‌ಪಿಯರ್ 1599ರ ಸುಮಾರಿಗೆ ಬರೆದ 'ಆಸ್ ಯು ಲೈಕ್ ಇಟ್' ನನಗೆ ಹಿಡಿಸುವುದು ಅದರಲ್ಲಿ ನಿಜವಾಗಿ ಕುರಿ ಕಾಯುವವನೊಬ್ಬ ಇದ್ದಾನೆಂದು. ಹೆಸರು ಕೋರಿನ್, ವಯಸ್ಸಾದವನು. ತಮ್ಮನಿಂದ ರಾಜ್ಯ ಕಳೆದುಕೊಂಡ ಡ್ಯೂಕ್ ಆರ್ಡನ್ ಕಾಡಿಗೆ ಬಂದು, ಚಳಿಗಾಳಿ ಮೈ ಕೊರೆಯುವಾಗ 'ಇದು ಹೊಗಳುಭಟನಲ್ಲ, ನಾನು ಯಾರೆಂದು ನೆನಪಿಸುವ ಮಂತ್ರಿ' ಎಂದು ವೇದಾಂತ ಹೇಳುತ್ತಾನೆ. ಸುತ್ತ ತಲೆದೂಗುವ ಸರದಾರರಿದ್ದಾರೆ, ಹಾಡುವವನಿದ್ದಾನೆ, ತಿನ್ನಲು ಜಿಂಕೆಯಿದೆ. ಜಿಂಕೆಯನ್ನು ಕೊಲ್ಲಬೇಕಲ್ಲ ಎಂಬ ಮರುಕವೂ ಉಂಟು. ಮರುಕದಿಂದ ಬೇಟೆಯೇನೂ ನಿಲ್ಲುವುದಿಲ್ಲ. ಇಷ್ಟು ಅನುಕೂಲವಿದ್ದರೆ ಚಳಿಯನ್ನು ಯಾರಾದರೂ ಹೊಗಳಿಯಾರು.

ಕೋರಿನ್ ಬಾಯಲ್ಲಿ ಮಾತ್ರ ಹೊಗಳಿಕೆಯ ಬದಲು ಲೆಕ್ಕ ಬರುತ್ತದೆ. ಹಸಿದು ಬಂದ ಇಬ್ಬರು ರಾಜಕುಮಾರಿಯರಿಗೆ, ಅಂದರೆ ಡ್ಯೂಕನ ಮಗಳು ರೋಸಲಿಂಡ್ ಮತ್ತು ಡ್ಯೂಕನ ತಮ್ಮನ ಮಗಳು ಸೀಲಿಯಾಗೆ, ಕೋರಿನ್ ಹೇಳುವುದಿಷ್ಟು: ನಾನು ಬೇರೊಬ್ಬರ ಕುರಿ ಕಾಯುವ ಆಳು, ಮೇಯಿಸುವುದು ನಾನಾದರೂ ಉಣ್ಣೆ ನನ್ನದಲ್ಲ, ಯಜಮಾನ ಜಿಪುಣ, ಗುಡಿಸಲು, ಮಂದೆ, ಹುಲ್ಲುಗಾವಲು ಎಲ್ಲ ಮಾರಾಟಕ್ಕಿದೆ. ಅರಮನೆಯಿಂದ ಒಡವೆ ಗಂಟು ಕಟ್ಟಿಕೊಂಡೇ ಬಂದಿದ್ದ ರೋಸಲಿಂಡ್, ಸೀಲಿಯಾ ಅಲ್ಲೇ ಖರೀದಿ ಮುಗಿಸಿ, ಅವನ ಸಂಬಳ ಏರಿಸುವ ಮಾತನ್ನೂ ಕೊಡುತ್ತಾರೆ.

ಅವರ ಜೊತೆ ಬಂದ ವಿದೂಷಕ ಟಚ್‌ಸ್ಟೋನ್ ಇನ್ನೊಂದು ಜಾತಿ. ಹೊಲಗದ್ದೆಯ ನಡುವೆ ಇರುವುದರಿಂದ ಈ ಬದುಕು ಇಷ್ಟ, ಅರಮನೆಯಲ್ಲಿ ಇಲ್ಲದಿರುವುದರಿಂದ ಬೇಸರ ಎನ್ನುತ್ತಾನೆ. ಊರಿಗೆ ಹೋದ ಎರಡನೇ ದಿನಕ್ಕೇ ನನಗೂ ಹೀಗೇ ಆಗುತ್ತದೆ; ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ. ಅರಮನೆ ಕಂಡಿಲ್ಲವೆಂದರೆ ನೀನು ನರಕಕ್ಕೇ ಹೋಗುವವನು ಎಂದು ಅವನು ಕೋರಿನ್‌ನನ್ನು ಕೆಣಕುತ್ತಾನೆ. ಮುದುಕ ತಾಳ್ಮೆಯಿಂದ ಕೈಯ ವಿಷಯ ಎತ್ತುತ್ತಾನೆ. ಅರಮನೆಯಲ್ಲಿ ವಂದನೆ ಮಾಡುವಾಗ ಕೈಗೆ ಮುತ್ತಿಡುತ್ತೀರಲ್ಲ ಸ್ವಾಮಿ, ನಮ್ಮಲ್ಲಿ ಅದು ಗಲೀಜು. ದಿನವಿಡೀ ಕುರಿ ಮುಟ್ಟುವ ಕೈ, ತುಪ್ಪಟದ ಜಿಡ್ಡು ಅಂಟಿರುತ್ತದೆ. ಓಹೋ, ಅರಮನೆಯವರ ಕೈ ಬೆವರುವುದಿಲ್ಲವೋ ಎಂದು ವಿದೂಷಕನ ಸವಾಲು. ನಮ್ಮ ಕೈ ಒರಟು ಎನ್ನುತ್ತಾನೆ ಮುದುಕ. ಹಾಗಾದರೆ ತುಟಿಗೆ ಬೇಗ ತಾಗುತ್ತದೆ ಬಿಡು! ಕುರಿಯ ಗಾಯಕ್ಕೆ ಬಳಿದ ಟಾರು ಅಂಟಿರುತ್ತದೆ, ಅದಕ್ಕೆ ಮುತ್ತಿಡಬೇಕೆ? ನಿಮ್ಮವರ ಕೈಗಾದರೆ ಪುನುಗಿನ ಪರಿಮಳ. ಟಚ್‌ಸ್ಟೋನ್ ಕಾದಿದ್ದದ್ದೇ ಇದಕ್ಕೆ: ಪುನುಗು ಟಾರಿಗಿಂತ ಕೀಳು ಕಣಯ್ಯ, ಅದು ಬೆಕ್ಕಿನ ಕೊಳಕು ಸ್ರಾವ.

ತಿರುಪತಿ ತಿಮ್ಮಪ್ಪನಿಗೆ ಪುನುಗು ಪೂಸುವುದನ್ನು ಬಲ್ಲ ನಮಗೆ ಈ ಮಾತಿಗೆ ನಗುವುದೋ ಬಿಡುವುದೋ ತಿಳಿಯದು. ಪುನುಗು ಬೆಕ್ಕಿನ ಬಾಲದಡಿಯ ಗ್ರಂಥಿಯಿಂದ ಬರುವ ವಸ್ತು ಅದು, ನಿಜವೇ. ವಾದದಲ್ಲಿ ವಿದೂಷಕ ಗೆದ್ದ. ಆದರೆ ಅವನು ಗೆದ್ದದ್ದು ಅರಮನೆಯ ಮರ್ಯಾದೆ ತೆಗೆದು. ಮುದುಕ ಹೇಳಿದ ಜಿಡ್ಡಾಗಲಿ ಟಾರಾಗಲಿ ಸುಳ್ಳಾಗಲಿಲ್ಲ. 'ನಿಮ್ಮ ಚಾತುರ್ಯ ನನಗೆ ಅತಿಯಾಯಿತು' ಎಂದು ಕೋರಿನ್ ಸುಮ್ಮನಾಗುತ್ತಾನೆ. ಸೋತವರು ಇಷ್ಟು ನೆಮ್ಮದಿಯಿಂದ ಸುಮ್ಮನಾಗುವುದನ್ನು ನಾನು ಕಂಡಿಲ್ಲ. ಆಮೇಲೆ ಹೇಳುವುದೂ ಸರಳ: ದುಡಿದು ಉಣ್ಣುತ್ತೇನೆ, ಯಾರ ಸುಖಕ್ಕೂ ಕರುಬುವುದಿಲ್ಲ, ಕುರಿ ಮೇದು ಮರಿ ಹಾಲು ಕುಡಿದರೆ ಅದೇ ನನ್ನ ಹೆಮ್ಮೆ.

ಕಡೆಗೆ ಡ್ಯೂಕನ ದುಷ್ಟ ತಮ್ಮ ಮನಸ್ಸು ತಿರುಗಿ ವಿರಕ್ತನಾದ ಸುದ್ದಿ ಬರುತ್ತದೆ. ಕಾಡೇ ಗುರು ಎಂದಿದ್ದ ಡ್ಯೂಕ್‌ಗೆ ರಾಜ್ಯ ಮರಳುತ್ತದೆ, ಗುರುವನ್ನು ಬಿಟ್ಟು ಹೊರಡಲು ಅವನಿಗೇನೂ ಸಂಕಟವಿಲ್ಲ. ಸೀಲಿಯಾಳನ್ನು ವರಿಸಿದ ಆಲಿವರ್, ಆಸ್ತಿಯನ್ನೆಲ್ಲ ತನ್ನ ತಮ್ಮ ಆರ್ಲಾಂಡೋಗೆ ಬಿಟ್ಟು ಇಲ್ಲೇ ಕುರಿಗಾಹಿಯಾಗಿ ಬದುಕಿ ಸಾಯುತ್ತೇನೆ ಎಂದವನು. ಕೊನೆಯ ದೃಶ್ಯದಲ್ಲಿ ಅವನ ಜಮೀನು ಅವನಿಗೇ ದಕ್ಕುತ್ತದೆ, ಆ ಶಪಥದ ಸುದ್ದಿ ಯಾರೂ ಎತ್ತುವುದಿಲ್ಲ. ಡ್ಯೂಕನ ಜೊತೆಗಿದ್ದವರಲ್ಲಿ ಕಾಡಿನಲ್ಲೇ ಉಳಿಯುವವನು ಹಾಡು ಕುಣಿತ ಒಲ್ಲದ ಸರದಾರ ಜಾಕ್ವೆಸ್ ಒಬ್ಬ. ಆ ದೃಶ್ಯದಲ್ಲಿ ಕೋರಿನ್ ಇಲ್ಲವೇ ಇಲ್ಲ. ನಾಲ್ಕು ಮದುವೆಗಳ ಸಂಭ್ರಮಕ್ಕೆ ಅವನನ್ನು ಕರೆದಂತೆ ಕಾಣುವುದಿಲ್ಲ. ಕೊಂಡವರು ಊರಿಗೆ ಹೋದ ಮೇಲೆ ಆ ಮಂದೆ ಈಗ ಯಾರ ಹೆಸರಲ್ಲಿದೆ, ಏರಿಸುತ್ತೇವೆಂದ ಸಂಬಳವನ್ನು ಮುಂದಿನ ತಿಂಗಳು ಯಾರು ಕೊಡುತ್ತಾರೆ, ನಾಟಕಕಾರ ಹೇಳಿಲ್ಲ.