ಎರಡು ರೂಪಾಯಿಯ ಗ್ಯಾಲರಿ, ಕಸದ ಡಬ್ಬಿ ಸೇರಿದ ಕಡಲೆಕಾಯಿ

ಕಳೆದ ಶನಿವಾರ ಸಂಜೆ ಫುಟ್‌ಬಾಲ್ ಪಂದ್ಯ ನೋಡಲು ಹೋದಾಗ, ಬೆಂಗಳೂರಿನ ಕ್ರೀಡಾಂಗಣವೊಂದರ ಬಾಗಿಲಲ್ಲಿ, ನನ್ನ ಒಂಬತ್ತು ವರ್ಷದ ಮಗಳ ಕೈಯಲ್ಲಿದ್ದ ಹುರಿದ ಕಡಲೆಕಾಯಿಯ ಪೊಟ್ಟಣವನ್ನು ಅವಳ ಕೈಯಿಂದಲೇ ಕಸದ ಡಬ್ಬಿಗೆ ಹಾಕಿಸಿದರು. ಹೊರಗಿನ ತಿನಿಸನ್ನು ಒಳಗೆ ಬಿಡುವಂತಿಲ್ಲವಂತೆ. ಅದರ ಹಿಂದೆಯೇ ನೀರಿನ ಬಾಟಲಿ ಹೋಯಿತು, ನನ್ನ ಜೇಬಿನಲ್ಲಿದ್ದ ಐದಾರು ರೂಪಾಯಿಯ ಚಿಲ್ಲರೆಯೂ ಹೋಯಿತು. ಬಾಗಿಲಲ್ಲಿ ನಿಂತಿದ್ದ ಆ ಸೆಕ್ಯುರಿಟಿ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಹೇಳಿದ್ದನ್ನು ಮಾಡದಿದ್ದರೆ ಅವನ ಕೂಲಿಗೇ ಕುತ್ತು. ಆದರೆ ಆ ಕಡಲೆಕಾಯಿಯನ್ನು ಬೆಳಿಗ್ಗೆ ಕುಳಿತು ಮರಳಿನಲ್ಲಿ ಹುರಿದು, ಹಳೆಯ ಪೇಪರಿನಲ್ಲಿ ಕಟ್ಟಿಕೊಟ್ಟವರು ನನ್ನ ಅಮ್ಮ. "ನಿಮ್ಮಪ್ಪನ ಜೊತೆ ನೀನು ಮ್ಯಾಚಿಗೆ ಹೋಗುವಾಗ ಕಟ್ಟಿಕೊಡ್ತಿದ್ದೆನಲ್ಲ, ಹಾಗೇ ಮಾಡಿದ್ದೀನಿ, ಮಗುವಿಗೆ ಕೊಡು" ಎಂದು ಹೇಳಿ ಕಳಿಸಿದ್ದರು. ರಾತ್ರಿ ಮನೆಗೆ ಬಂದಾಗ ಅವರು ಮೊದಲು ಕೇಳಿದ್ದು, ಉಪ್ಪು ಸರಿಯಾಗಿತ್ತೇ ಎಂದು. ಸರಿಯಾಗಿತ್ತು ಎಂದು ಸುಳ್ಳು ಹೇಳಿದೆ. ಆ ಸುಳ್ಳು ಒಂದು ವಾರದಿಂದ ಗಂಟಲಿನಲ್ಲಿ ಸಿಕ್ಕಿಕೊಂಡಿದೆ, ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನಾನು ಖಾಸಗಿ ಕಂಪನಿಯೊಂದರಲ್ಲಿ ಲೆಕ್ಕ ಬರೆಯುವವನು, ಹಾಗಾಗಿ ಆ ಸಂಜೆಯ ಲೆಕ್ಕವನ್ನೂ ಬರೆದಿಟ್ಟಿದ್ದೇನೆ. ನಾನು, ನನ್ನ ಹೆಂಡತಿ, ಮಗಳು, ಐದು ವರ್ಷದ ಮಗ, ಹೀಗೆ ನಾಲ್ವರಿಗೆ ತಲಾ 499 ರೂಪಾಯಿಯಂತೆ 1,996 ರೂಪಾಯಿ. ಐದು ವರ್ಷದ ಮಗುವಿಗೂ ಪೂರ್ತಿ ಟಿಕೆಟ್. ಅವನು ಎರಡನೆಯ ಅರ್ಧದಲ್ಲಿ ತಾಯಿಯ ತೊಡೆಯ ಮೇಲೆ ನಿದ್ದೆ ಮಾಡಿದ. ಮಾನ್ಯತೆ ಪಡೆದ ಕ್ರೀಡಾಕೂಟಗಳಲ್ಲಿ 500 ರೂಪಾಯಿವರೆಗಿನ ಟಿಕೆಟ್ಟಿಗೆ ಸರ್ಕಾರವೇ ಜಿಎಸ್‌ಟಿ ಬಿಟ್ಟುಕೊಟ್ಟಿದೆ, ಆದರೆ ಆ ಟಿಕೆಟ್ಟನ್ನು ಮಾರುವ ಆ್ಯಪ್‌ನವರು ಕನ್ವೀನಿಯನ್ಸ್ ಫೀ ಎಂಬ ಹೆಸರಿನಲ್ಲಿ ತಮ್ಮ ಪಾಲನ್ನೂ ಅದರ ಮೇಲಿನ ತೆರಿಗೆಯನ್ನೂ ಸೇರಿಸಿ 212 ರೂಪಾಯಿ ಹೆಚ್ಚಿಗೆ ಕಿತ್ತುಕೊಂಡರು. ಯಾರ ಅನುಕೂಲಕ್ಕಾಗಿ ಈ ಶುಲ್ಕ? ಕೌಂಟರಿನಲ್ಲಿ ದುಡ್ಡು ಕೊಟ್ಟು ಟಿಕೆಟ್ ಪಡೆಯುವ ದಾರಿಯೇ ಅಲ್ಲಿರಲಿಲ್ಲ. ಒಳಗೆ ಎರಡು ಪಾಪ್‌ಕಾರ್ನ್ ಮತ್ತು ಮೂರು ಬಾಟಲಿ ನೀರಿಗೆ 420 ರೂಪಾಯಿ, ಹೋಗಿ ಬರಲು ಆಟೊಗೆ 600. ಒಟ್ಟು 3,228 ರೂಪಾಯಿ, ತೊಂಬತ್ತು ನಿಮಿಷದ ಒಂದು ಆಟಕ್ಕೆ.

ನನ್ನ ಅಪ್ಪ ದೂರವಾಣಿನಗರದ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಕಾರ್ಖಾನೆಯಲ್ಲಿ ಟೆಲಿಫೋನ್ ಜೋಡಿಸುತ್ತಿದ್ದರು. 1980ರ ದಶಕದ ನಡುವಿನ ಮಾತಿದು. ಪಂದ್ಯವಿರುವ ದಿನ ಮೊದಲ ಪಾಳಿ ಮುಗಿಸಿ ಮನೆಗೆ ಬಂದು, ಕೈಕಾಲು ತೊಳೆದು, ಒಂದು ಲೋಟ ಕಾಫಿ ಕುಡಿದು ನನ್ನನ್ನು ಕರೆದುಕೊಂಡು ಹೊರಡುತ್ತಿದ್ದರು. ಹಳೆ ಮದ್ರಾಸ್ ರಸ್ತೆಯಲ್ಲಿ ಬಿಟಿಎಸ್ ಬಸ್ಸು ಹಿಡಿದು, ಹಲಸೂರು ದಾಟಿ, ಟ್ರಿನಿಟಿ ಸರ್ಕಲ್ ಹತ್ತಿರ ಇಳಿದು, ಅಲ್ಲಿಂದ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂವರೆಗೆ ನಡೆದೇ ಹೋಗುತ್ತಿದ್ದೆವು. ಗ್ಯಾಲರಿಗೆ ಎರಡು ರೂಪಾಯಿ. ದೊಡ್ಡ ಪಂದ್ಯವಾದರೆ ಐದು. ನನ್ನಂಥ ಹುಡುಗರಿಗೆ ಟಿಕೆಟ್ ಕೇಳುವವರೇ ಇರಲಿಲ್ಲ. ಅಪ್ಪನ ಬೆರಳು ಹಿಡಿದಿದ್ದರೆ ಸಾಕಿತ್ತು. ತೆಳುವಾದ ಗುಲಾಬಿ ಬಣ್ಣದ ಆ ಟಿಕೆಟ್ಟಿನ ಅರ್ಧವನ್ನು ಬಾಗಿಲಲ್ಲಿ ಹರಿದುಕೊಳ್ಳುತ್ತಿದ್ದರು, ಉಳಿದ ಅರ್ಧವನ್ನು ಅಪ್ಪ ನನಗೆ ಕೊಡುತ್ತಿದ್ದರು. ನನ್ನ ಜಾಮಿಟ್ರಿ ಬಾಕ್ಸಿನಲ್ಲಿ ಪೆನ್ಸಿಲ್ಲಿಗಿಂತ ಹೆಚ್ಚಾಗಿ ಅಂಥ ಅರ್ಧ ಟಿಕೆಟ್ಟುಗಳೇ ಇರುತ್ತಿದ್ದವು.

ಸಿಮೆಂಟಿನ ಮೆಟ್ಟಿಲುಗಳು ಬಿಸಿಲಿಗೆ ಕಾದು ತೊಡೆ ಸುಡುತ್ತಿದ್ದವು. ಅಪ್ಪ ಹೆಗಲ ಮೇಲಿನ ಟವೆಲ್ಲನ್ನು ಹಾಸಿ ನನ್ನನ್ನು ಕೂರಿಸಿ, ತಾವು ಪೇಪರಿನ ಮೇಲೆ ಕೂರುತ್ತಿದ್ದರು. ನಮ್ಮ ಎಡಕ್ಕೆ ವಿಮಾನ ಕಾರ್ಖಾನೆ ಎಚ್‌ಎಎಲ್‌ನವರು, ಹಿಂದೆ ಆಸ್ಟಿನ್ ಟೌನಿನ ಹುಡುಗರು, ಮೇಲಿನ ಸಾಲಿನಲ್ಲಿ ಶಿವಾಜಿನಗರದಿಂದ ಬಂದ ಹಿರಿಯರು. ಕನ್ನಡ, ತಮಿಳು, ದಖನಿ, ಇಂಗ್ಲಿಷು ಎಲ್ಲವೂ ಒಂದೇ ಉಸಿರಿನಲ್ಲಿ ಕೇಳಿಬರುತ್ತಿದ್ದವು. ಮೈದಾನ ಎಷ್ಟು ಹತ್ತಿರವಿತ್ತೆಂದರೆ, ಗೋಲ್‌ಕೀಪರ್ ತನ್ನ ಮುಂದಿನ ಬ್ಯಾಕ್‌ಗಳಿಗೆ, ಅಂದರೆ ರಕ್ಷಣಾ ಆಟಗಾರರಿಗೆ, ಕೂಗಿ ಹೇಳುವುದು, ಬೂಟು ಚೆಂಡಿಗೆ ತಾಗುವ ಸದ್ದು, ರೆಫ್ರಿಯ ಮೇಲೆ ಆಟಗಾರರು ಗೊಣಗುವುದು, ಎಲ್ಲವೂ ನಮ್ಮ ಕಿವಿಗೆ ಬೀಳುತ್ತಿತ್ತು. ಅರ್ಧ ಸಮಯಕ್ಕೆ ಅಮ್ಮ ಕೊಟ್ಟ ಪೊಟ್ಟಣ ಬಿಚ್ಚುತ್ತಿದ್ದೆವು. ಸಿಪ್ಪೆ ಕಾಲ ಕೆಳಗೆ, ಬೀಜ ಪಕ್ಕದವರಿಗೂ. ಬುಟ್ಟಿ ಹೊತ್ತು ಬರುವವನಿಂದ ಅಪ್ಪ ಉಪ್ಪುಖಾರ ಹಚ್ಚಿದ ಸೌತೆಕಾಯಿ ಕೊಡಿಸುತ್ತಿದ್ದರು.

ನನಗೆ ಎಲ್ಲಕ್ಕಿಂತ ದೊಡ್ಡ ವಿಸ್ಮಯವೆಂದರೆ, ಅಪ್ಪನ ಪಕ್ಕದ ಬೆಂಚಿನಲ್ಲಿ ಕೆಲಸ ಮಾಡುವವರೊಬ್ಬರು ಐಟಿಐ ತಂಡದ ಎಡ ವಿಂಗಿನಲ್ಲಿ, ಅಂದರೆ ಮೈದಾನದ ಎಡ ಅಂಚಿನಲ್ಲಿ, ಓಡುತ್ತಿದ್ದುದು. ಭಾನುವಾರ ಗೋಲು ಹೊಡೆದವರು ಸೋಮವಾರ ಕ್ಯಾಂಟೀನಿನ ಸಾಲಿನಲ್ಲಿ ಅಪ್ಪನ ಹಿಂದೆ ನಿಂತಿರುತ್ತಿದ್ದರು. ಸಾರ್ವಜನಿಕ ಉದ್ಯಮಗಳು ಆಟಗಾರರಿಗೆ ಕೆಲಸ ಕೊಡುತ್ತಿದ್ದ ಕಾಲವದು. ಆಟಗಾರನ ಸಂಬಳವೂ ನೋಡುಗನ ಸಂಬಳವೂ ಒಂದೇ ಕಾರ್ಖಾನೆಯಿಂದ ಬರುತ್ತಿತ್ತು, ಆದ್ದರಿಂದ ಟಿಕೆಟ್ಟಿನಿಂದ ಯಾರೂ ಹೊಟ್ಟೆ ಹೊರೆಯಬೇಕಾಗಿರಲಿಲ್ಲ. 1977ರಲ್ಲಿ ಎರ್ನಾಕುಲಂನಲ್ಲಿ ನಡೆದ ದೇಶದ ಕ್ಲಬ್ ತಂಡಗಳ ಮೊಟ್ಟಮೊದಲ ಫೆಡರೇಶನ್ ಕಪ್ಪಿನ ಫೈನಲ್ಲಿನಲ್ಲಿ ಕೋಲ್ಕತ್ತದ ಮೋಹನ್ ಬಗಾನ್ ತಂಡವನ್ನು 1-0ರಿಂದ ಸೋಲಿಸಿದ್ದು ಇದೇ ಐಟಿಐ ತಂಡ. ಅಪ್ಪ ಆ ಪಂದ್ಯವನ್ನು ನೋಡಿದವರಲ್ಲ, ಆದರೆ ಪ್ರತಿ ಸಲ ಬಸ್ಸಿನಲ್ಲಿ ಬರುವಾಗಲೂ ಆ ಕಥೆಯನ್ನು ತಾವೇ ಆಡಿದವರ ಹಾಗೆ ಹೇಳುತ್ತಿದ್ದರು.

ಬೆಂಗಳೂರಿನ ಫುಟ್‌ಬಾಲ್ ನಿನ್ನೆ ಮೊನ್ನೆ ಹುಟ್ಟಿದ್ದು, ಈಗ ದುಡ್ಡು ಹಾಕಿದವರೇ ಅದನ್ನು ಬೆಳೆಸಿದ್ದು ಎಂಬ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಬೆಂಗಳೂರು ಮುಸ್ಲಿಮ್ಸ್ ತಂಡ 1937 ಮತ್ತು 1938ರಲ್ಲಿ ಮುಂಬಯಿಗೆ ಹೋಗಿ ರೋವರ್ಸ್ ಕಪ್ ಗೆದ್ದಿತ್ತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಆ ತಂಡದಲ್ಲಿದ್ದ ಅಹಮದ್ ಖಾನ್ ನಮ್ಮ ಊರಿನವರೇ. ಈಸ್ಟ್ ಬೆಂಗಾಲ್, ಜೆಸಿಟಿ ತಂಡಗಳಿಗೆ ಆಡಿ 2020ರಲ್ಲಿ ತೀರಿಕೊಂಡ ಕಾರ್ಲ್ಟನ್ ಚಾಪ್ಮನ್ ಬೆಂಗಳೂರಿನ ಹುಡುಗ. ಹಲಸೂರಿನ ಗೌತಮಪುರಕ್ಕೆ ಹೋಗಿ ನೋಡಿ: ಅಂಬೇಡ್ಕರ್, ಬುದ್ಧ, ಮದರ್ ತೆರೇಸಾ ಅವರ ಪ್ರತಿಮೆಗಳ ಜೊತೆಗೆ ಪೆಲೆಯ ಪ್ರತಿಮೆಯನ್ನೂ ನಿಲ್ಲಿಸಿದ್ದಾರೆ. ಈ ಆಟವನ್ನು ಈ ಊರಿನಲ್ಲಿ ಉಳಿಸಿದವರು ಅಂಥ ಗಲ್ಲಿಗಳ ಜನ, ದಂಡು ಪ್ರದೇಶದ ಕೂಲಿಕಾರರು, ಕಾರ್ಖಾನೆಗಳ ಪಾಳಿ ಕೆಲಸದವರು. ಇವತ್ತು ಗೌತಮಪುರದಲ್ಲಿ ದಿನಗೂಲಿಗೆ ಹೋಗುವ ತಂದೆಯೊಬ್ಬ ಎರಡು ಮಕ್ಕಳನ್ನು ಕರೆದುಕೊಂಡು ಬಂದು ಆ ಬಾಗಿಲಲ್ಲಿ ನಿಂತರೆ ಅವನಿಗೆ ಏನು ಉತ್ತರ ಕೊಡುತ್ತಾರೆ?

ಕ್ರೀಡಾಂಗಣಗಳು ಸುಧಾರಿಸಿವೆ ಎಂದು ಕೆಲವರು ಹೇಳುತ್ತಾರೆ, ಅದನ್ನು ನಾನೂ ಒಪ್ಪುತ್ತೇನೆ. ನನ್ನ ಬಾಲ್ಯದ ಗ್ಯಾಲರಿಯಲ್ಲಿ ಹೆಂಗಸರು ಬೆರಳೆಣಿಕೆಯಷ್ಟಿದ್ದರು, ಅವರಿಗೊಂದು ನೆಟ್ಟಗಿನ ಶೌಚಾಲಯ ಇರಲಿಲ್ಲ. ಈಗ ನನ್ನ ಹೆಂಡತಿ, ಮಗಳು ನೆಮ್ಮದಿಯಾಗಿ ಬಂದು ಕೂರುತ್ತಾರೆ, ಅದು ಸಣ್ಣ ವಿಷಯವಲ್ಲ. ದೀಪಗಳಿವೆ, ಕುರ್ಚಿಗಳಿವೆ, ಒಳ್ಳೆಯ ಹುಲ್ಲಿದೆ. ಆಟಗಾರರಿಗೆ ಒಳ್ಳೆಯ ಸಂಬಳ ಸಿಗುವುದೂ ನ್ಯಾಯವೇ. ಆದರೆ ಇವೆಲ್ಲದರ ಬೆಲೆಯನ್ನು ಗ್ಯಾಲರಿಯ ಕಟ್ಟಕಡೆಯ ಸಾಲಿನವನಿಂದಲೇ ವಸೂಲು ಮಾಡಬೇಕೇ? ನಾನು ಹೋದ ದಿನ ನಮ್ಮ ಎದುರಿನ ಸ್ಟ್ಯಾಂಡಿನಲ್ಲಿ ಅರ್ಧಕ್ಕರ್ಧ ಕುರ್ಚಿಗಳು ಖಾಲಿ ಬಿದ್ದಿದ್ದವು. ಖಾಲಿ ಕುರ್ಚಿಯಿಂದ ಯಾರಿಗೂ ಒಂದು ಪೈಸೆ ಹುಟ್ಟುವುದಿಲ್ಲ, ಆದರೂ ಅದನ್ನು ಐವತ್ತು ರೂಪಾಯಿಗೆ ಒಬ್ಬ ಶಾಲಾ ಹುಡುಗನಿಗೆ ಕೊಡಲು ಮನಸ್ಸು ಬರುವುದಿಲ್ಲ.

ದುಡ್ಡು ಹೋಯಿತೆಂಬುದಷ್ಟೇ ನನ್ನ ಅಳಲಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ವರ್ಷಕ್ಕೊಮ್ಮೆ ಮೂರು ಸಾವಿರ ಖರ್ಚು ಮಾಡಿ ಮಕ್ಕಳನ್ನು ಕರೆದುಕೊಂಡು ಹೋಗಲು ನನ್ನಿಂದ ಹೇಗೋ ಆಗುತ್ತದೆ. ಆದರೆ ವರ್ಷಕ್ಕೊಮ್ಮೆ ನೋಡಿದರೆ ಆಟದ ಹುಚ್ಚು ಹಿಡಿಯುವುದಿಲ್ಲ. ನನಗೆ ಹುಚ್ಚು ಹಿಡಿಸಿದ್ದು ಯಾವುದೋ ಒಂದು ಅದ್ಭುತ ಪಂದ್ಯವಲ್ಲ. ವಾರ ವಾರವೂ ಹೋಗಿ, ಗೋಲೇ ಇಲ್ಲದ ನೀರಸ ಪಂದ್ಯಗಳಲ್ಲಿ ಬಿಸಿಲಿಗೆ ಕುಳಿತು, ರಕ್ಷಣೆಯ ನಡುವಿನ ಸ್ಟಾಪರ್ ಎಲ್ಲಿ ನಿಲ್ಲುತ್ತಾನೆ, ವಿಂಗಿನವನು ಯಾವಾಗ ಒಳಗೆ ತಿರುಗುತ್ತಾನೆ ಎಂದು ಅಪ್ಪ ಬೆರಳು ತೋರಿಸಿ ಹೇಳಿದ್ದನ್ನು ಕೇಳಿ ಕೇಳಿ ಅದು ಹಿಡಿಯಿತು. ನೀರಸ ಪಂದ್ಯವನ್ನು ನೋಡಿ ಎದ್ದು ಬರುವಾಗ ಎರಡು ರೂಪಾಯಿ ಹೋಯಿತೆಂದು ಯಾರಿಗೂ ಬೇಸರವಾಗುತ್ತಿರಲಿಲ್ಲ, ಮುಂದಿನ ವಾರ ಮತ್ತೆ ಹೋಗುತ್ತಿದ್ದೆವು. ಮೂರು ಸಾವಿರ ಕೊಟ್ಟವನಿಗೆ ಆ ತಾಳ್ಮೆ ಎಲ್ಲಿಂದ ಬರಬೇಕು? ಶನಿವಾರ ಪಂದ್ಯ ಗೋಲಿಲ್ಲದೆ ಮುಗಿದಾಗ, ಮಗಳಿಗೆ ಆಟದ ಸೊಗಸನ್ನು ತೋರಿಸುವ ಬದಲು ನಾನು ಮನಸ್ಸಿನಲ್ಲಿ ಬಿಲ್ಲನ್ನು ಕೂಡುತ್ತಿದ್ದೆ. ನನ್ನನ್ನು ಅಂಥ ನೋಡುಗನನ್ನಾಗಿ ಮಾಡಿದ್ದಾರಲ್ಲ ಎಂಬುದೇ ನನ್ನ ಸಿಟ್ಟು.

ಹಾಗಿದ್ದರೆ ಸ್ಥಳೀಯ ಲೀಗ್ ನೋಡು ಎಂದು ಗೆಳೆಯರು ಹೇಳುತ್ತಾರೆ. ನೋಡುವ ಆಸೆ ನನಗೂ ಇದೆ. ಆದರೆ ವಾರದ ನಡುವೆ ಮಧ್ಯಾಹ್ನ ನಡೆಯುವ ಪಂದ್ಯಕ್ಕೆ ಶಾಲೆಯ ಮಕ್ಕಳಾಗಲಿ, ಕೆಲಸಕ್ಕೆ ಹೋಗುವವರಾಗಲಿ ಹೇಗೆ ಬರಬೇಕು? ಯಾವ ದಿನ ಯಾರು ಆಡುತ್ತಾರೆಂದು ತಿಳಿಯುವಷ್ಟರಲ್ಲಿ ಪಂದ್ಯವೇ ಮುಗಿದಿರುತ್ತದೆ. 2023ರ ಮಾರ್ಚಿನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ರಾಜ್ಯ ತಂಡಗಳ ರಾಷ್ಟ್ರೀಯ ಪಂದ್ಯಾವಳಿಯಾದ ಸಂತೋಷ್ ಟ್ರೋಫಿ ಗೆದ್ದಿತು; ಮೈಸೂರು ರಾಜ್ಯವೆಂಬ ಹೆಸರಿನಲ್ಲಿ 1968-69ರಲ್ಲಿ ಗೆದ್ದ ಮೇಲೆ 54 ವರ್ಷ ಕಾದು ಪಡೆದ ಗೆಲುವು. ಆ ಫೈನಲ್ ನಡೆದದ್ದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ. ಐವತ್ನಾಲ್ಕು ವರ್ಷ ಕಾದ ಆಸ್ಟಿನ್ ಟೌನಿನ ಹಿರಿಯರು, ಮರ್ಫಿ ಟೌನಿನ ಹುಡುಗರು ಅದನ್ನು ಫೋನಿನ ಪರದೆಯಲ್ಲಿ ನೋಡಿದರು. ಅಪ್ಪ ಆ ದಿನದವರೆಗೆ ಬದುಕಿರಲಿಲ್ಲ. ಬದುಕಿದ್ದಿದ್ದರೂ ಬಸ್ಸು ಹಿಡಿದು ಹೋಗಿ ನೋಡುವ ಭಾಗ್ಯ ಅವರಿಗೆ ಇರುತ್ತಿರಲಿಲ್ಲ.

ನಾನು ಎರಡು ರೂಪಾಯಿಯ ಟಿಕೆಟ್ಟನ್ನು ಮರಳಿ ಕೇಳುತ್ತಿಲ್ಲ. ಒಂದೇ ಒಂದು ಸ್ಟ್ಯಾಂಡನ್ನು, ಗೋಲಿನ ಹಿಂದಿನದ್ದಾದರೂ ಸರಿ, ಐವತ್ತು ರೂಪಾಯಿಗೆ ಬಿಡಲಿ. ಹನ್ನೆರಡು ವರ್ಷದೊಳಗಿನ ಮಕ್ಕಳನ್ನು ತಂದೆತಾಯಿಯ ಜೊತೆ ಸುಮ್ಮನೆ ಒಳಗೆ ಕಳಿಸಲಿ. ಬಾಗಿಲಲ್ಲಿ ನಗದು ಪಡೆದು ಕಾಗದದ ಟಿಕೆಟ್ ಕೊಡುವ ಒಂದು ಕಿಂಡಿ ಇರಲಿ, ಸ್ಮಾರ್ಟ್‌ಫೋನ್ ಇಲ್ಲದ ಅಜ್ಜನೂ ಬರಲಿ. ಕುಡಿಯುವ ನೀರಿನ ನಲ್ಲಿ ಇಡಲಿ. ಮನೆಯಲ್ಲಿ ಹುರಿದ ಕಡಲೆಕಾಯಿಯನ್ನು ಕಸದ ಡಬ್ಬಿಗೆ ಹಾಕಿಸದಿರಲಿ.

ಮುಂದಿನ ಶನಿವಾರ ಇನ್ನೂ ದೊಡ್ಡ ಪಂದ್ಯವಿದೆ, ದೊಡ್ಡ ಎದುರಾಳಿಯೆಂದು ಟಿಕೆಟ್ಟಿನ ದರವನ್ನೂ ಏರಿಸಿದ್ದಾರೆ. ನಿನ್ನೆ ರಾತ್ರಿ ಊಟಕ್ಕೆ ಕುಳಿತಾಗ ಮಗಳು "ಅಪ್ಪಾ, ಈ ಸಲವೂ ಹೋಗೋಣ್ವಾ?" ಎಂದು ಕೇಳಿದಳು. ಅಮ್ಮ ಅಡುಗೆಮನೆಯಿಂದಲೇ, ಹೋಗುವುದಾದರೆ ಮೊದಲೇ ಹೇಳು, ಕಡಲೆಕಾಯಿ ತರಿಸಬೇಕು ಎಂದರು. ಇಬ್ಬರಿಗೂ ನಾನಿನ್ನೂ ಉತ್ತರ ಕೊಟ್ಟಿಲ್ಲ.